ಬಿಳುಪಿನ ಕ್ರೀಮಿನ ಡಬ್ಬಿ ಮೇಲಿನ ಹೆಸರುಗಳನ್ನ ಓದೋದು ಹೇಗೆ? ತಂಗಿ ಮುಖ ಉರೀತಿದೆ

ಸಾಗರದ ಅಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮನೆ ಸಾಗರ ಪೇಟೆಯಿಂದ ಎಂಟು ಕಿಲೋಮೀಟರ್ ಒಳಗೆ. ತಂಗಿಗೆ 23 ವರ್ಷ, ವೈಶಾಖದಲ್ಲಿ ಮದುವೆ. ನಿಶ್ಚಿತಾರ್ಥದ ದಿನ ಗಂಡಿನ ಕಡೆಯ ಯಾರೋ "ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಒಂಚೂರು ಕಮ್ಮಿ" ಅಂದದ್ದು ಅವಳ ಕಿವಿಗೆ ಬಿತ್ತು. ಅಲ್ಲಿಂದ ಶುರು. ಗೆಳತಿ ಹೇಳಿದಳು ಅಂತ ಮೆಡಿಕಲ್‌ನಿಂದ ಒಂದು ಟ್ಯೂಬ್ ತಂದಳು, ಚೀಟಿ ಯಾರೂ ಕೇಳಲಿಲ್ಲ. ಆಮೇಲೆ ಒಂದು ಬ್ಯೂಟಿ ಪಾರ್ಲರ್‌ನವರು ಸಣ್ಣ ದುಂಡು ಡಬ್ಬಿ ಕೊಟ್ಟರು. ರಾತ್ರಿ ಟ್ಯೂಬು, ಬೆಳಿಗ್ಗೆ ಡಬ್ಬಿ. ದೀಪಾವಳಿಯಿಂದ ಇವತ್ತಿನವರೆಗೆ ನಾಲ್ಕು ತಿಂಗಳಾಯ್ತು.

ಮೊದಲ ತಿಂಗಳು ನಿಜಕ್ಕೂ ಬೆಳ್ಳಗಾದಳು. ಅತ್ತಿಗೆ ಸೀಮಂತದಲ್ಲಿ ಎಲ್ಲರೂ ಕೇಳಿದ್ದೇ ಕೇಳಿದ್ದು, ಎಂಥ ಹಚ್ತೀಯೇ ಅಂತ. ಈಗ ಎರಡು ದಿನ ಬಿಟ್ಟರೆ ಕೆನ್ನೆ ಕೆಂಡದ ಹಾಗೆ ಆಗತ್ತೆ, ಒಲೆ ಮುಂದೆ ನಿಲ್ಲೋಕಾಗಲ್ಲ. ಗಲ್ಲದ ಮೇಲೆ ಗುಳ್ಳೆ, ಕೆನ್ನೆ ಪಕ್ಕ ಮುಂಚೆ ಇಲ್ಲದ ನವಿರು ಕೂದಲು. ನಿನ್ನೆ ಜಗಲಿ ಬೆಳಕಿನಲ್ಲಿ ಕೂರಿಸಿ ನೋಡಿದೆ, ಮೂಗಿನ ಎರಡೂ ಬದಿ ಕೆಂಪು ದಾರದ ಎಳೆ ಥರ ನರ ಕಾಣ್ತಿದೆ. ಮತ್ತೆ ಹಚ್ಚಿದರೆ ತಣ್ಣಗಾಗತ್ತೆ, ಹಾಗಾಗಿ ಬಿಡು ಅಂದರೆ ಕೇಳಲ್ಲ.

ಟ್ಯೂಬಿನ ಮೇಲೆ ಇರೋದು: ಹೈಡ್ರೋಕ್ವಿನೋನ್ 2%, ಟ್ರೆಟಿನಾಯಿನ್ 0.025%, ಮೊಮೆಟಾಸೋನ್ ಫ್ಯೂರೋಯೇಟ್ 0.1%. ಡಬ್ಬಿ ಮೇಲೆ ಗೊತ್ತಿಲ್ಲದ ಲಿಪಿ, ಒಂದು ಹೆಂಗಸಿನ ಚಿತ್ರ, ಅಷ್ಟೇ. ಇದರಲ್ಲಿ ಯಾವುದು ಎಂಥ ಮಾಡತ್ತೆ? ತಿಳಿದವರು ಬಿಡಿಸಿ ಹೇಳಿ. ಅವಳಿಗೆ ಬೈದು ಪ್ರಯೋಜನ ಇಲ್ಲ, ಅರ್ಥ ಆಗೋ ಹಾಗೆ ಹೇಳಬೇಕು.

ತೀರ್ಥಹಳ್ಳಿ ಫಾರ್ಮಸಿಸ್ಟ್

ಅಕ್ಕಾ, ಮೊದಲು ಒಂದು ಮಾತು. ಆ ಟ್ಯೂಬ್ ಬಿಳುಪಿನ ಕ್ರೀಮೇ ಅಲ್ಲ. ಅದು ಬಂಗು ಅನ್ನೋ ಮುಖದ ಕಂದು ಕಲೆಗೆ ಕೊಡೋ ಔಷಧಿ, ಅದೂ ಕೆಲವೇ ವಾರಕ್ಕೆ. ಪೆಟ್ಟಿಗೆ ಇನ್ನೂ ಇದ್ದರೆ ಆರ್‌ಎಕ್ಸ್ ಅನ್ನೋ ಗುರುತು ಹುಡುಕಿ, ಅದರ ಹತ್ತಿರ ನೋಂದಾಯಿತ ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಬೇಕು ಅಂತ ಸಣ್ಣಕ್ಷರದಲ್ಲಿ ಇರತ್ತೆ. ಆ ಗುರುತು ಕಂಡ ಯಾವ ಟ್ಯೂಬೂ ಸೌಂದರ್ಯದ ಸಾಮಾನು ಅಲ್ಲ.

ಮೂರರಲ್ಲಿ ಮೊದಲು ಕೆಲಸ ತೋರಿಸೋದು ಮೊಮೆಟಾಸೋನ್. ಅದು ಸ್ಟೀರಾಯ್ಡ್, ಚರ್ಮದ ಕೆಂಪು, ಉರಿ ಅಡಗಿಸೋ ಔಷಧಿ. ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳನ್ನ ಬಿಗಿ ಮಾಡತ್ತೆ, ರಕ್ತ ಕಮ್ಮಿ ಹರಿದರೆ ಮುಖ ಬಿಳಿಚಿಕೊಂಡು ಕಾಣತ್ತೆ. ಯಾವ ಸ್ಟೀರಾಯ್ಡ್ ಎಷ್ಟು ಜೋರು ಅಂತ ಅಳೆಯೋದೇ ಚರ್ಮವನ್ನ ಎಷ್ಟು ಬಿಳಿಚಿಸತ್ತೆ ಅನ್ನೋ ಪರೀಕ್ಷೆಯಿಂದ. ವಾರದಲ್ಲಿ ಸಿಕ್ಕ ಬಿಳುಪು ಬಹುಪಾಲು ಇದೇ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗತ್ತೆ, ನಾಳಗಳು ಹಿಗ್ಗಿ ಮೇಲೆ ಕಾಣತ್ವೆ, ಗುಳ್ಳೆ ಏಳತ್ತೆ, ಕೂದಲು ಬರತ್ತೆ. ನೀವು ಬರೆದಿರೋ ನಾಲ್ಕೂ ಅದರದ್ದೇ.

ನಾನು 19 ವರ್ಷದಿಂದ ಕೌಂಟರಿನಲ್ಲಿ ನಿಂತವನು. ಮೊದಮೊದಲು ನಾನೂ ಕೇಳಿದವರಿಗೆ ಕೊಟ್ಟಿದ್ದೇನೆ, ಮುಚ್ಚಿಡಲ್ಲ. ಹುಡುಗಿಯರು ಪೆಟ್ಟಿಗೆಯ ಹರಿದ ಚೂರನ್ನ ಪರ್ಸಿನಲ್ಲಿ ಮಡಚಿಟ್ಟುಕೊಂಡು ಬಂದು ಇದೇ ಬೇಕು ಅನ್ನೋರು. ಒಂದು ಹುಡುಗಿ ಎರಡು ವರ್ಷ ನನ್ನ ಅಂಗಡಿಯಿಂದಲೇ ತಗೊಂಡಳು. ಆಮೇಲೆ ಒಂದು ದಿನ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಬಂದಳು. ಅವತ್ತಿಂದ ಚೀಟಿ ಇಲ್ಲದೆ ಕೊಟ್ಟಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳಿಗೆ ಇದ್ದ ವಿನಾಯಿತಿ ತೆಗೆದು ಷೆಡ್ಯೂಲ್ ಎಚ್, ಅಂದರೆ ಚೀಟಿ ಇದ್ದರೆ ಮಾತ್ರ ಮಾರೋ ಔಷಧಿಗಳ ಪಟ್ಟಿ, ಅದರ ಕೆಳಗೆ ತಂದಿತು. ಕಾನೂನು ಇದೆ, ಕೌಂಟರಿನಲ್ಲಿ ನಿಂತವರು ಪಾಲಿಸಬೇಕು.

ಚರ್ಮದ ಡಾಕ್ಟರು, ಶಿವಮೊಗ್ಗ

ಸಾಗರದ ಅಕ್ಕ, ಇದನ್ನ ತಂಗಿಗೂ ಓದಿ ಹೇಳಿ. ಅವಳ ಮುಖ ಸ್ಟೀರಾಯ್ಡ್‌ಗೆ ಒಗ್ಗಿಕೊಂಡುಬಿಟ್ಟಿದೆ. ಬಿಟ್ಟ ಕೂಡಲೆ ಬಿಗಿದಿದ್ದ ನಾಳಗಳೆಲ್ಲ ಒಟ್ಟಿಗೆ ಹಿಗ್ಗತ್ವೆ, ಅದಕ್ಕೇ ಆ ಉರಿ. ನಮ್ಮ ದೇಶದ ಚರ್ಮವೈದ್ಯರೇ ಇದಕ್ಕೆ "ಸ್ಟೀರಾಯ್ಡ್‌ನಿಂದ ಹಾಳಾದ ಮುಖ" ಅನ್ನೋ ಅರ್ಥದ ಹೆಸರು ಕೊಟ್ಟರು, ಅಷ್ಟು ಜನ ಹೀಗೆ ಬರ್ತಾರೆ. ನಾಲ್ಕು ತಿಂಗಳು ಹಚ್ಚಿದ ಮೇಲೆ ಮನೆಯಲ್ಲೇ ನಿರ್ಧಾರ ಮಾಡಬೇಡಿ. ಯಾವುದನ್ನ ನಿಲ್ಲಿಸಬೇಕು, ಯಾವುದನ್ನ ಇಳಿಸ್ತಾ ಬರಬೇಕು, ಉರಿಗೆ ಏನು ಕೊಡಬೇಕು ಅನ್ನೋದು ಮುಖ ನೋಡಿ ಹೇಳೋ ಮಾತು. ಡಬ್ಬಿಯದನ್ನು ಮಾತ್ರ ಇವತ್ತೇ ನಿಲ್ಲಿಸಿ.

ಈಗ ಉಳಿದೆರಡರ ವಿಷಯ. ನಮ್ಮ ಬಣ್ಣಕ್ಕೆ ಕಾರಣ ಮೆಲನಿನ್. ಅದನ್ನ ತಯಾರು ಮಾಡೋಕೆ ಚರ್ಮದ ಜೀವಕೋಶಗಳಿಗೆ ಟೈರೋಸಿನೇಸ್ ಅನ್ನೋ ಕಿಣ್ವ ಬೇಕು. ಹೈಡ್ರೋಕ್ವಿನೋನ್ ಆ ಕಿಣ್ವವನ್ನ ತಡೆಯತ್ತೆ. ಟ್ರೆಟಿನಾಯಿನ್ ವಿಟಮಿನ್ ಎ ಕುಟುಂಬದ್ದು, ಚರ್ಮದ ಮೇಲ್ಪದರ ಬೇಗ ಕಳಚೋ ಹಾಗೆ ಮಾಡಿ ಅಲ್ಲಿರೋ ಬಣ್ಣವನ್ನ ಹೊರಗೆ ಹಾಕತ್ತೆ. ಈ ಎರಡೂ ಉರಿ ಹುಟ್ಟಿಸತ್ವೆ, ಆ ಉರಿ ಅಡಗಿಸೋಕೆ ಸ್ಟೀರಾಯ್ಡ್ ಸೇರಿಸಿದರು. 1975ರಲ್ಲಿ ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಅವರ ಜೊತೆಗಾರ ಇಂಥ ಮೂರರ ಮಿಶ್ರಣ ಕೊಟ್ಟರು. ಅಲ್ಲೇ 2002ರಲ್ಲಿ ಒಪ್ಪಿಗೆ ಸಿಕ್ಕ ಇದೇ ಬಗೆಯ ಕ್ರೀಮಿನ ಜೊತೆ ಬರೋ ಕಾಗದದಲ್ಲಿ 8 ವಾರದ ಮಿತಿ ಬರೆದಿದೆ. ಅದರಲ್ಲಿರೋ ಸ್ಟೀರಾಯ್ಡ್ ಕೂಡ ಮೊಮೆಟಾಸೋನ್‌ಗಿಂತ ಮೆತ್ತಗಿನದು.

ಹೈಡ್ರೋಕ್ವಿನೋನ್ ವರ್ಷಗಟ್ಟಲೆ ಹಚ್ಚಿದವರಲ್ಲಿ ಕೆಲವರಿಗೆ ಕೆನ್ನೆಯ ಮೂಳೆ ಮೇಲೆ ಬೂದುನೀಲಿ ಚುಕ್ಕೆಗಳು ಕೂರತ್ವೆ, ಓಕ್ರೊನೋಸಿಸ್ ಅಂತಾರೆ. ಬಿಳಿ ಆಗೋಕೆ ಹಚ್ಚಿದ್ದು ಕಪ್ಪು ಮಾಡಿ ಬಿಡತ್ತೆ, ಅದನ್ನ ತೆಗೆಯೋದು ಬಹಳ ಕಷ್ಟ. ಇನ್ನೊಂದು ಹೆಸರು ನೆನಪಿಡಿ, ಮಾನೋಬೆನ್ಜೋನ್. ಹೈಡ್ರೋಕ್ವಿನೋನ್‌ನ ದಾಯಾದಿ, ಆದರೆ ಬಣ್ಣದ ಜೀವಕೋಶಗಳನ್ನೇ ಕೊಲ್ಲತ್ತೆ. ಮೈಪೂರ್ತಿ ತೊನ್ನು ಆದವರಿಗೆ ಉಳಿದ ಬಣ್ಣ ತೆಗೆಯೋಕೆ ಬಳಸೋ ಔಷಧಿ ಅದು. ಬೇರೆಯವರ ಮುಖಕ್ಕೆ ತಾಗಿದರೆ ಬಿಳಿ ಮಚ್ಚೆ ಶಾಶ್ವತ.

ಮದುವೆ ಆಗೋ ಹುಡುಗಿ ಅನ್ನೋದಕ್ಕೆ ಇದನ್ನೂ ಹೇಳ್ತೇನೆ: ಟ್ರೆಟಿನಾಯಿನ್ ಬಸುರಿಯರು ಹಚ್ಚಬಾರದು.

ಕೆಮಿಸ್ಟ್ರಿ ಮೇಷ್ಟ್ರು

ಆ ದುಂಡು ಡಬ್ಬಿಯದೇ ನನಗೆ ಹೆಚ್ಚು ಚಿಂತೆ. ಟ್ಯೂಬಿನಲ್ಲಿ ಏನಿದೆ ಅಂತ ಗೊತ್ತಾದರೂ ಆಯ್ತು.

ಪಾದರಸದ ಲವಣಗಳೂ ಅದೇ ಟೈರೋಸಿನೇಸನ್ನ ಕೆಡಿಸತ್ವೆ. ಅಗ್ಗ, ಬೇಗ ಕೆಲಸ ತೋರಿಸತ್ತೆ. ಅದಕ್ಕೇ ಕಳ್ಳ ಕ್ರೀಮುಗಳಿಗೆ ಬಲು ಇಷ್ಟ. ನಮ್ಮ 2020ರ ಸೌಂದರ್ಯವರ್ಧಕ ನಿಯಮದಲ್ಲಿ ಇಂಥ ಕ್ರೀಮಿನಲ್ಲಿ ಬೇಕಂತ ಹಾಕದೆ ಕಲಬೆರಕೆಯಾಗಿ ಬರೋ ಪಾದರಸಕ್ಕೂ 1 ಪಿಪಿಎಂ ಮಿತಿ, ಅಂದರೆ ಒಂದು ಕಿಲೋ ಕ್ರೀಮಿನಲ್ಲಿ 1 ಮಿಲಿಗ್ರಾಂ. ಪಾದರಸದ ಬಳಕೆ ತಗ್ಗಿಸೋ ಮಿನಮಾಟ ಅನ್ನೋ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2018ರಲ್ಲಿ ಅಧಿಕೃತ ಒಪ್ಪಿಗೆ ಕೊಟ್ಟಿದೆ. ಜಪಾನಿನ ಮಿನಮಾಟ ಊರಿನ ಜನ ಪಾದರಸ ಸೇರಿದ ಮೀನು ತಿಂದು ನರ ಕಳಕೊಂಡರಲ್ಲ, ಆ ಹೆಸರು.

ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ಕಿಡ್ನಿ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೆಂಬ್ರೇನಸ್ ನೆಫ್ರೋಪತಿ ಅನ್ನೋ, ಕಿಡ್ನಿಯ ಜರಡಿ ಕೆಟ್ಟು ಮೂತ್ರದಲ್ಲಿ ಪ್ರೋಟೀನ್ ಸೋರೋ ಕಾಯಿಲೆಯ 22 ಜನರನ್ನ ನೋಡಿದರು. ಅದರಲ್ಲಿ 15 ಜನರದ್ದು ನೆಲ್-1 ಅನ್ನೋ ಅಪರೂಪದ ಬಗೆ. ಆ 15ರಲ್ಲಿ 13 ಜನ ಬಿಳುಪಿನ ಕ್ರೀಮು ಹಚ್ಚಿದ್ದಾಗಿ ಒಪ್ಪಿಕೊಂಡರು. ಮುಖಕ್ಕೆ ಹಚ್ಚಿದ್ದು ಕಿಡ್ನಿಗೆ ಹೋಗಿ ಕೂತಿತ್ತು. ಹಚ್ಚೋದು ನಿಲ್ಲಿಸಿದ ಮೇಲೆ ಬಹುತೇಕರು ಸುಧಾರಿಸಿದರು ಅನ್ನೋದೇ ಸಮಾಧಾನ. ನಮ್ಮ ಗಡಿಗೂ ಅದಕ್ಕೂ ದೂರ ಎಷ್ಟು, ನೀವೇ ಯೋಚಿಸಿ.

ಹೆಸರು ಬರೆದಿದ್ದರೆ ಕ್ಯಾಲೊಮೆಲ್, ಮರ್ಕ್ಯುರಸ್ ಕ್ಲೋರೈಡ್, ಮರ್ಕ್ಯುರಿಕ್ ಅಯೋಡೈಡ್, ಅಮೋನಿಯೇಟೆಡ್ ಮರ್ಕ್ಯುರಿ, ಇವುಗಳಲ್ಲಿ ಒಂದು ಇರತ್ತೆ. ಕೆಲವದರಲ್ಲಿ ಬಂಗಾರ, ಬೆಳ್ಳಿ, ಅಲ್ಯುಮಿನಿಯಂಗೆ ತಾಗಿಸಬೇಡಿ ಅಂತ ಎಚ್ಚರಿಕೆ ಇರತ್ತೆ. ಮುಖಕ್ಕೆ ಹಚ್ಚೋ ಕ್ರೀಮು ಬಳೆಗೆ ಯಾಕೆ ತಾಗಬಾರದು? ಪಾದರಸ ಬಂಗಾರವನ್ನ ಹಿಡಿದುಕೊಳ್ಳತ್ತೆ, ಅದಕ್ಕೆ. ಆದರೆ ಬಹಳಷ್ಟು ಡಬ್ಬಿಗಳ ಮೇಲೆ ಏನೂ ಬರೆದಿರಲ್ಲ. ಬಣ್ಣ, ವಾಸನೆ ನೋಡಿ ಹೇಳೋಕೆ ನನ್ನಿಂದಲೂ ಆಗಲ್ಲ, ಲ್ಯಾಬೇ ಬೇಕು.

ತಂಗಿಯ ಟವಲು, ದಿಂಬಿನ ಬಟ್ಟೆ ಬೇರೆ ಇಡಿ. ಮನೆಯಲ್ಲಿ ಮಗು ಇದ್ದರಂತೂ ಹಚ್ಚಿದ ಕೈಯಲ್ಲಿ ಎತ್ತಿಕೊಳ್ಳಬೇಡಿ. ಡಬ್ಬಿಯನ್ನ ಗೊಬ್ಬರಗುಂಡಿಗೋ ಹಳ್ಳಕ್ಕೋ ಎಸೀಬೇಡಿ, ಆ ನೀರೇ ತೋಟಕ್ಕೆ ಹೋಗೋದು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಡಾಕ್ಟರಿಗೆ ತೋರಿಸಿ. ಮೂತ್ರದಲ್ಲಿ ನೊರೆ, ಬೆಳಿಗ್ಗೆ ಕಣ್ಣ ಸುತ್ತ ಊತ, ಕಾಲು ಬಾವು ಇದೆಯಾ ಕೇಳಿ.

ಅಡಿಕೆ ಮನೆಯವಳು, ಹೊಸನಗರ

ನನಗೆ ಎರಡನೇ ಬಸುರಿನಲ್ಲಿ ಬಂಗು ಬಂತು. ಎರಡೂ ಕೆನ್ನೆ, ಮೇಲ್ದುಟಿ, ಹಣೆ. ಹೆರಿಗೆ ಆದ ಮೇಲೆ ಹೋಗತ್ತೆ ಅಂದರು, ಹೋಗಲಿಲ್ಲ. ನಮ್ಮಲ್ಲಿ ಕಾರ್ತಿಕದಿಂದ ಪುಷ್ಯದವರೆಗೆ ಅಡಿಕೆ ಬೇಯಿಸೋ ಕೆಲಸ. ಹಂಡೆ ಮುಂದೆ ನಿಂತು ಬೆಂಕಿ ನೂಕಿ ಚೊಗರು ನೋಡಿ, ಅಂಗಳದ ಬಿಸಿಲಲ್ಲಿ ಹರವಿ, ಪ್ರತಿ ವರ್ಷ ಕೊಯ್ಲು ಮುಗಿಯೋ ಹೊತ್ತಿಗೆ ಬಂಗು ಕಪ್ಪಗಾಗೋದು. ಬಿಸಿಲಿಗೆ ಮಾತ್ರ ಅಂದ್ಕೊಂಡಿದ್ದೆ, ಬೆಂಕಿಯ ಕಾವಿಗೂ ಜಾಸ್ತಿ ಆಗತ್ತೆ ಅಂತ ಡಾಕ್ಟರು ಹೇಳಿದ ಮೇಲೆ ಗೊತ್ತಾಯ್ತು.

ನಮ್ಮ ದೊಡ್ಡತ್ತೆ ಲಿಂಬೆಹಣ್ಣು ತಿಕ್ಕು ಅಂದರು. ತಿಕ್ಕಿ ಅಡಿಕೆ ಹರವೋಕೆ ಹೋದೆ. ಮಾರನೇ ದಿನ ಸುಟ್ಟ ಹಾಗೆ ಬೊಕ್ಕೆ ಎದ್ದು, ಆಮೇಲೆ ರಸ ಇಳಿದ ದಾರಿಗುಂಟ ಕಪ್ಪು ಗೆರೆ. ಆರು ತಿಂಗಳು ಇತ್ತು ಆ ಗೆರೆ.

ಈಗ ಅಜೆಲಿಕ್ ಆಸಿಡ್ ಕ್ರೀಮು, ಅದರ ಜೊತೆ ಚರ್ಮದ ಬಣ್ಣದ್ದೇ ಸನ್‌ಸ್ಕ್ರೀನ್. ಎರಡು ತಿಂಗಳು ಏನೂ ಕಾಣಲಿಲ್ಲ, ಬಿಟ್ಟುಬಿಡೋಣ ಅನ್ನಿಸಿತು. ಐದನೇ ತಿಂಗಳಿಗೆ ಮೇಲ್ದುಟಿಯದ್ದು ತಿಳಿಯಾಯ್ತು. ಪೂರ್ತಿ ಹೋಗಿಲ್ಲ, ಆದರೆ ಮುಖ ಉರಿಯಲ್ಲ. ಡಾಕ್ಟ್ರೇ, ಒಂದು ಕೇಳಬೇಕಿತ್ತು: ಕಸ್ತೂರಿ ಅರಿಶಿನ, ಜ್ಯೇಷ್ಠಮಧು ಎಲ್ಲ ಸುಳ್ಳಾ?

ಚರ್ಮದ ಡಾಕ್ಟರು, ಶಿವಮೊಗ್ಗ

ಎಲ್ಲ ಸುಳ್ಳಲ್ಲ. ಜ್ಯೇಷ್ಠಮಧುವಿನಲ್ಲಿ ಗ್ಲಾಬ್ರಿಡಿನ್ ಅನ್ನೋದು ಇದೆ, ಅದು ಟೈರೋಸಿನೇಸನ್ನ ಮೆತ್ತಗೆ ತಡೆಯತ್ತೆ. ಆದರೆ ಕ್ರೀಮಿನಲ್ಲಿ ಹಾಕೋದು ಆ ಅಂಶವನ್ನ ಬೇರ್ಪಡಿಸಿದ ಸಾರ. ಮನೆಯಲ್ಲಿ ತೇಯ್ದು ಹಚ್ಚೋ ಬೇರಲ್ಲಿ ಅದು ಎಷ್ಟಿದೆ ಅಂತ ಲೆಕ್ಕ ಇಲ್ಲ. ಅರಿಶಿನ ಹಚ್ಚಿ ತೊಳೆದಾಗ ಕಾಣೋ ಹೊಳಪು ಬಹುಪಾಲು ಅದರ ಹಳದಿಯೇ. ಶಾಸ್ತ್ರಕ್ಕೆ ಹಚ್ಚಿ, ಏನೂ ಅಡ್ಡಿಯಿಲ್ಲ, ಬಂಗು ಹೋಗಲಿ ಅಂತ ಹಚ್ಚಬೇಡಿ.

ಲಿಂಬೆಯ ಸಿಪ್ಪೆ ಮತ್ತು ರಸದಲ್ಲಿ ಫ್ಯುರಾನೊಕೌಮರಿನ್ ಅನ್ನೋ ವಸ್ತುಗಳಿರತ್ವೆ. ಬಿಸಿಲು ಬಿದ್ದರೆ ಚರ್ಮ ಸುಡತ್ತೆ. ನಿಮಗಾದದ್ದು ಅದೇ, ಪಾಪ.

ಅಜೆಲಿಕ್ ಆಸಿಡ್ ಬಸುರಿಯರಿಗೂ ಕೊಡಬಹುದಾದ ಕೆಲವೇ ಔಷಧಿಗಳಲ್ಲೊಂದು. ಬಣ್ಣದ ಸನ್‌ಸ್ಕ್ರೀನಿನಲ್ಲಿ ಐರನ್ ಆಕ್ಸೈಡ್ ಇರತ್ತೆ. ಬಿಸಿಲಿನ ಅಲ್ಟ್ರಾವೈಲೆಟ್ ಮಾತ್ರವಲ್ಲ, ಕಣ್ಣಿಗೆ ಕಾಣೋ ಬೆಳಕೂ ಬಂಗನ್ನ ಕೆರಳಿಸತ್ತೆ, ಅದನ್ನ ತಡೆಯೋದು ಈ ಐರನ್ ಆಕ್ಸೈಡ್. ಬಿಳಿ ಸನ್‌ಸ್ಕ್ರೀನಿಗೆ ಆ ಶಕ್ತಿ ಕಮ್ಮಿ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿದಷ್ಟು ಮುಖ ಮತ್ತು ಕುತ್ತಿಗೆಗೆ ಬೇಕು. ನಮ್ಮ ಹೆಂಗಸರು ಕಡಲೆಕಾಳಿನಷ್ಟು ಹಚ್ಚಿ ಸುಮ್ಮನಾಗ್ತಾರೆ.

ಭದ್ರಾವತಿ ಹುಡುಗ

ಗಂಡು ಹುಡುಗರೂ ಹಚ್ತಾರೆ, ಅದನ್ನ ಯಾರೂ ಬರೆದಿಲ್ಲ. ನಮ್ಮ ಹಾಸ್ಟೆಲಿನಲ್ಲಿ ಮಳೆಗಾಲದಲ್ಲಿ ಬಟ್ಟೆ ಒಣಗದೆ ಅರ್ಧ ಜನಕ್ಕೆ ತೊಡೆಸಂದಿಯಲ್ಲಿ ಗಜಕರ್ಣ. ಅದಕ್ಕೆ ತಂದ ಟ್ಯೂಬನ್ನೇ ಒಬ್ಬ ಮುಖಕ್ಕೆ ಹಚ್ಚಿದ, ಬೆಳ್ಳಗಾಯ್ತು ಅಂತ ಇಡೀ ರೂಮು ಹಚ್ಚಿತು. ನಾನೂ ಹಚ್ಚಿದೆ. ಈಗ ಓದಿದರೆ ಅದರಲ್ಲಿ ಕ್ಲೊಬೆಟಾಸೋಲ್ ಇತ್ತು. ನನ್ನ ಗಜಕರ್ಣ ಹೋಗಲಿಲ್ಲ, ಸೊಂಟದವರೆಗೆ ಹಬ್ಬಿತು. ಮುಖದ ಮೇಲೂ ಒಂದು ವರ್ತುಲ ಎದ್ದಿತ್ತು.

ಅಣ್ಣಾ, ಫಾರ್ಮಸಿಸ್ಟ್ ಅಣ್ಣಾ, ನಯಾಸಿನಮೈಡ್, ಆಲ್ಫಾ ಆರ್ಬುಟಿನ್, ಕೋಜಿಕ್ ಆಸಿಡ್, ವಿಟಮಿನ್ ಸಿ, ಇವೂ ಹೀಗೇನಾ?

ತೀರ್ಥಹಳ್ಳಿ ಫಾರ್ಮಸಿಸ್ಟ್

ತಮ್ಮಾ, ಕ್ಲೊಬೆಟಾಸೋಲ್ ಹಚ್ಚೋ ಸ್ಟೀರಾಯ್ಡ್‌ಗಳಲ್ಲೇ ಅತಿ ಜೋರಿನ ಗುಂಪಿನದು. ಆ ಜಾಗದ ರೋಗನಿರೋಧಕ ಶಕ್ತಿ ಮಲಗಿಸತ್ತೆ, ತುರಿಕೆ ನಿಲ್ಲತ್ತೆ, ಗಜಕರ್ಣ ತರೋ ಬೂಷ್ಟು ಒಳಗೊಳಗೆ ಆರಾಮಾಗಿ ಬೆಳೆಯತ್ತೆ. ಮಲೆನಾಡಿನ ಮಳೆಗಾಲಕ್ಕೆ ಆ ಟ್ಯೂಬ್ ಬಂದದ್ದೇ ಅನ್ಯಾಯ. ಹೆಸರಿನ ಕೊನೆಗೆ "ಸೋನ್", "ಸೋಲ್" ಅಂತ ಬಂದರೆ ಒಂದು ಸಲ ನಿಲ್ಲಿ, ಕೇಳಿ. ಆದರೆ ಕೀಟೊಕೊನಜೋಲ್ ಥರದ "ಜೋಲ್" ಬೂಷ್ಟಿನ ಔಷಧಿ, ಅದನ್ನ ಇದಕ್ಕೆ ಸೇರಿಸಬೇಡಿ.

ನೀನು ಕೇಳಿದ ನಾಲ್ಕು ಬೇರೆ ದರ್ಜೆಯವು. ನಯಾಸಿನಮೈಡ್ ಅಂದರೆ ವಿಟಮಿನ್ ಬಿ3. ಬಣ್ಣ ತಯಾರಾಗೋದನ್ನ ನಿಲ್ಲಿಸಲ್ಲ, ತಯಾರಾದ ಬಣ್ಣ ಮೇಲಿನ ಜೀವಕೋಶಕ್ಕೆ ದಾಟೋದನ್ನ ತಡೆಯತ್ತೆ. 4-5% ಸಾಕು, 10% ಅಂದಾಕ್ಷಣ ಎರಡು ಪಾಲು ಕೆಲಸ ಆಗಲ್ಲ, ಕೆಲವರಿಗೆ ಕೆಂಪಾಗತ್ತೆ. ಆರ್ಬುಟಿನ್ ಹೈಡ್ರೋಕ್ವಿನೋನ್‌ಗೆ ಸಕ್ಕರೆ ಅಂಟಿಸಿದ ಹಾಗಿರೋ ವಸ್ತು, ಮೆತ್ತಗೆ ಕೆಲಸ ಮಾಡತ್ತೆ. ಯುರೋಪಿನಲ್ಲಿ ಮುಖದ ಕ್ರೀಮಿಗೆ ಆಲ್ಫಾ ಆರ್ಬುಟಿನ್ 2%ರವರೆಗೆ, ಕೋಜಿಕ್ ಆಸಿಡ್ 1%ರವರೆಗೆ ಬಿಟ್ಟಿದ್ದಾರೆ. ಕೋಜಿಕ್ ಜಪಾನಿನವರು ಅಕ್ಕಿ ಹುದುಗಿಸೋ ಬೂಷ್ಟಿನಿಂದ ಸಿಕ್ಕಿದ್ದು, ಕೆಲವರಿಗೆ ತುರಿಕೆ ತರತ್ತೆ. ವಿಟಮಿನ್ ಸಿ ಗಾಳಿ ಬೆಳಕಿಗೆ ಕೆಡತ್ತೆ. ಸೀಸೆಯಲ್ಲಿ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಎಸೆಯಿರಿ.

ಇನ್ನು ಲೇಬಲ್ ಓದೋದು. ಪದಾರ್ಥಗಳ ಪಟ್ಟಿ ಹೆಚ್ಚಿನದರಿಂದ ಕಡಿಮೆಯದಕ್ಕೆ ಇಳೀತಾ ಬರತ್ತೆ. 1%ಗಿಂತ ಕಮ್ಮಿ ಇರೋವನ್ನ ಮಾತ್ರ ಹೆಂಗೆ ಬೇಕಾದರೂ ಜೋಡಿಸಬಹುದು. ಮೊದಲನೆಯದು ಸಾಮಾನ್ಯವಾಗಿ ನೀರು. ಎದುರಿಗೆ ದೊಡ್ಡದಾಗಿ ಕೇಸರಿ ಚಿತ್ರ ಹಾಕಿ, ಹಿಂದೆ ಸುವಾಸನೆಯ ಹೆಸರಾದ ಮೇಲೆ ಕಟ್ಟಕಡೆಗೆ ಕೇಸರಿ ಇದ್ದರೆ ಅದು ಚಿಟಿಕೆಯೂ ಅಲ್ಲ ಅಂತ ತಿಳ್ಕೊಳ್ಳಿ. ಟೈಟಾನಿಯಂ ಡೈಆಕ್ಸೈಡ್ ಮೇಲೆ ಇದ್ದರೆ ಹಚ್ಚಿದ ಕೂಡಲೇ ಬರೋ ಬಿಳುಪು ಆ ಪುಡಿಯದು, ತೊಳೆದರೆ ಹೋಗತ್ತೆ. ತಯಾರಕರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಅವಧಿ, ಇವುಗಳಲ್ಲಿ ಒಂದೂ ಇಲ್ಲದ ಡಬ್ಬಿಯನ್ನ ಕಾಲಿಗೂ ಹಚ್ಚಬೇಡಿ. ಎಂಟು ದಿನದಲ್ಲಿ ಬಿಳಿ ಆದರೆ ಖುಷಿ ಪಡೋದಲ್ಲ, ಅನುಮಾನ ಪಡಬೇಕು. ನಯಾಸಿನಮೈಡಿಗಾಗಲಿ ಜ್ಯೇಷ್ಠಮಧುವಿಗಾಗಲಿ ಆ ತಾಕತ್ತಿಲ್ಲ.

ಇಬ್ಬರು ಹೆಣ್ಣುಮಕ್ಕಳ ಅಮ್ಮ

ನೀವೆಲ್ಲ ಹೇಳೋದು ಸರಿ. ಆದರೆ ಗಂಡಿನವರು ಫೋಟೋ ನೋಡಿ ಮೊದಲು ಕೇಳೋದೇ ಬಣ್ಣ. ದೊಡ್ಡವಳ ಫೋಟೋ ನಾಲ್ಕು ಮನೆಯಿಂದ ತಿರುಗಿ ಬಂತು. ನಾನೇ ಅವಳ ಕೈಗೆ ದುಡ್ಡು ಕೊಟ್ಟು ಏನಾದರೂ ಹಚ್ಚು ಅಂದವಳು. ನಿಮ್ಮದೆಲ್ಲ ಓದಿ ಎದೆ ಹೊಡ್ಕೊಳ್ತಾ ಇದೆ, ಬಾತ್‌ರೂಮಿಗೆ ಹೋಗಿ ಅವಳ ಟ್ಯೂಬ್ ನೋಡಿ ಬಂದೆ. ಬೆಟಾಮೆಥಾಸೋನ್ ಅಂತ ಇದೆ.

ಚರ್ಮದ ಡಾಕ್ಟರು, ಶಿವಮೊಗ್ಗ

ಅಮ್ಮಾ, ಅದೂ ಸ್ಟೀರಾಯ್ಡೇ. ಎಷ್ಟು ದಿನದಿಂದ ಅಂತ ಅವಳನ್ನ ಮೆತ್ತಗೆ ಕೇಳಿ, ಬೈಯಬೇಡಿ, ಬೈದರೆ ಬಚ್ಚಿಟ್ಟು ಹಚ್ತಾರೆ. ಶಿವಮೊಗ್ಗಕ್ಕೆ ಬಂದರೆ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಯಲ್ಲೂ ಚರ್ಮದ ವಿಭಾಗ ಇದೆ. ಹುಟ್ಟಿನ ಬಣ್ಣವನ್ನ ಬದಲಿಸೋ ಔಷಧಿ ನಮ್ಮ ಹತ್ತಿರ ಇಲ್ಲ. ಬಂಗು, ಗುಳ್ಳೆಯ ಕಲೆ, ಬಿಸಿಲಿನ ಕಪ್ಪು, ಇವನ್ನ ತಿಳಿ ಮಾಡಬಹುದು. ಬಟ್ಟೆಯೊಳಗಿನ ತೋಳಿನ ಬಣ್ಣ ನೋಡಿ, ಅವಳ ಮುಖ ಹೆಚ್ಚೆಂದರೆ ಅಲ್ಲಿಗೆ ತಲುಪತ್ತೆ. ಗ್ಲುಟಾಥಯೋನ್ ಇಂಜೆಕ್ಷನ್ ಅಂತ ಯಾರಾದರೂ ಹೇಳಿದರೂ ಹೋಗಬೇಡಿ, ಬಿಳುಪಿಗೆ ಅಂತ ಅದಕ್ಕೆ ನಮ್ಮಲ್ಲಿ ಒಪ್ಪಿಗೆ ಇಲ್ಲ.

ಸಾಗರದ ಅಕ್ಕ

ಮೂರು ವಾರ ಆದ ಮೇಲೆ ಬರೀತಿದ್ದೇನೆ, ತಡವಾಯ್ತು. ನೀವು ಬರೆದದ್ದನ್ನೆಲ್ಲ ತಂಗಿಗೆ ಜಗಲಿಯಲ್ಲಿ ಕೂತು ಓದಿದೆ. ಕೋಟ್ಟಕ್ಕಲ್ ವಿಷಯ ಬಂದಾಗ ಎದ್ದು ಹೋಗಿ ಡಬ್ಬಿ ತಂದು ನನ್ನ ಮುಂದೆ ಇಟ್ಟಳು. ಮಾರನೇ ದಿನ ಬೆಳಿಗ್ಗೆ ರೈಲಿಗೆ ಶಿವಮೊಗ್ಗಕ್ಕೆ ಹೋದೆವು. ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಟ್ಯೂಬು ನಿಂತಿದೆ, ಬೇರೆ ಮುಲಾಮು, ಮಾತ್ರೆ, ಸೋಪಿಲ್ಲದ ಫೇಸ್‌ವಾಶ್ ಕೊಟ್ಟಿದ್ದಾರೆ. ಮೊದಲ ಹತ್ತು ದಿನ ನರಕ. ರಾತ್ರಿ ಒದ್ದೆ ಬಟ್ಟೆ ಹಾಕಿಕೊಂಡು ಅಳ್ತಿದ್ದಳು, ಅಮ್ಮ ಬೀಸಣಿಗೆ ಹಿಡಿದು ಕೂರ್ತಿದ್ದರು. ಈಗ ಉರಿ ಅರ್ಧ ಇಳಿದಿದೆ. ನರದ ಎಳೆಗಳು ಹಾಗೇ ಇವೆ, ಅವಕ್ಕೆ ಸಮಯ ಬೇಕಂತೆ.

ಮೂತ್ರದಲ್ಲಿ ಪ್ರೋಟೀನ್ ಇಲ್ಲ ಅಂತ ಬಂತು. ಪಾದರಸದ ಪರೀಕ್ಷೆಗೆ ಮಾದರಿ ಬೆಂಗಳೂರಿಗೆ ಹೋಗಿದೆ, ಇನ್ನೂ ಬಂದಿಲ್ಲ.

ಹುಡುಗನಿಗೆ ಅವಳೇ ಫೋನ್ ಮಾಡಿ ಎಲ್ಲ ಹೇಳಿದಳು. ಅವನು "ಮೊದಲೇ ಹೇಳಿದ್ದರೆ ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತಿದ್ದೆ" ಅಂದನಂತೆ. ಅಮ್ಮ ಅದನ್ನ ಕೇಳಿ ಅಡುಗೆಮನೆಗೆ ಹೋಗಿ ಅತ್ತರು.

ನಿನ್ನೆ ತಂಗಿ ಆ ಪಾರ್ಲರ್‌ಗೆ ಹೋಗಿ, ಈ ಡಬ್ಬಿ ಇನ್ನೂ ಯಾರಿಗೆ ಕೊಟ್ಟಿದ್ದೀರಿ ಅಂತ ಕೇಳಿದಳು. ಅವರೂ ಗಾಬರಿಯಾದರು, ಬೇರೆ ಊರಿಂದ ಬರೋ ಒಬ್ಬರ ಹತ್ತಿರ ತರಿಸಿದ್ದಂತೆ. ಆರು ಹೆಸರು ಕೊಟ್ಟರು. ಅದರಲ್ಲಿ ಇಬ್ಬರ ಮನೆ ನಮಗೆ ಗೊತ್ತು, ಒಬ್ಬಳು ಬಸುರಿ. ಇವತ್ತು ಸಂಜೆ ಮೊದಲು ಅವಳ ಮನೆಗೆ ಹೋಗ್ತಿದ್ದೇವೆ. ಫಾರ್ಮಸಿಸ್ಟ್ ಅಣ್ಣಾ, ಡಾಕ್ಟ್ರೇ, ಅವಳಿಗೆ ಇನ್ನೇನಾದರೂ ಬೇರೆ ಹೇಳಬೇಕಿದ್ದರೆ ಸಂಜೆಯೊಳಗೆ ಇಲ್ಲಿ ಬರೀರಿ.